ಗೂಗಲ್‌ನಲ್ಲಿ ಎಂಜಿನಿಯರ್ ವೃತ್ತಿ

ಗೂಗಲ್ 1998ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯದಲ್ಲಿ ಸ್ಥಾಪನೆಯಾದ ತಂತ್ರಜ್ಞಾನ ಸಂಸ್ಥೆ. ಬೆಂಗಳೂರಿನಲ್ಲಿಯೂ ಇದರ ಎಂಜಿನಿಯರಿಂಗ್ ಕಚೇರಿಯಿದೆ. ಸಂಸ್ಥೆಯ ಬೃಹತ್ ಗಾತ್ರವೇ ಇಲ್ಲಿನ ಎಂಜಿನಿಯರ್ ವೃತ್ತಿಯ ಹಲವು ಅನುಕೂಲ ಹಾಗೂ ಅನನುಕೂಲಗಳಿಗೆ ಮೂಲವಾಗಿದೆ.

ಅನುಕೂಲಗಳು

ವೇತನದೊಂದಿಗೆ ಷೇರುಗಳೂ ದೊರೆಯುತ್ತವೆ. ತಂತ್ರಾಂಶದ ಕೋಡ್ ಬಹುಪಾಲು ಒಂದೇ ಭಂಡಾರದಲ್ಲಿರುವುದರಿಂದ ಇತರ ತಂಡಗಳ ಕೆಲಸವನ್ನು ಓದಿ ಕಲಿಯಬಹುದು. ಬರೆದ ಕೋಡನ್ನು ಸಹೋದ್ಯೋಗಿಗಳು ಪರಿಶೀಲಿಸುವ ಪದ್ಧತಿಯು ಹೊಸಬರಿಗೆ ಪಾಠಶಾಲೆಯಂತಿದೆ.

ಅನನುಕೂಲಗಳು

ಒಬ್ಬೊಬ್ಬರ ಪಾಲಿಗೆ ದೊಡ್ಡ ವ್ಯವಸ್ಥೆಯ ಸಣ್ಣ ಭಾಗವಷ್ಟೇ ಬರುತ್ತದೆ. ಸಂಸ್ಥೆಯೊಳಗಿನ ಉಪಕರಣಗಳಲ್ಲಿ ಗಳಿಸಿದ ಪರಿಣತಿಯೆಲ್ಲವೂ ಹೊರಗೆ ಉಪಯೋಗಕ್ಕೆ ಬಾರದು. ಉದ್ಯೋಗ ಭದ್ರತೆಯೂ ಖಚಿತವಲ್ಲ. 2023ರ ಜನವರಿಯಲ್ಲಿ ಮಾತೃಸಂಸ್ಥೆ ಆಲ್ಫಾಬೆಟ್ ಸುಮಾರು 12,000 ಹುದ್ದೆಗಳ ಕಡಿತವನ್ನು ಪ್ರಕಟಿಸಿತು. ಅಮೆರಿಕದಲ್ಲಿ ಎಚ್-1ಬಿ ವೀಸಾದ ಮೇಲಿರುವವರು ಕೆಲಸ ಕಳೆದುಕೊಂಡಾಗ, ಸಾಮಾನ್ಯವಾಗಿ 60 ದಿನಗಳೊಳಗೆ ಬೇರೆ ಉದ್ಯೋಗವಾಗಲಿ ಬೇರೆ ವೀಸಾ ಆಗಲಿ ದೊರೆಯದಿದ್ದರೆ ದೇಶವನ್ನೇ ತೊರೆಯಬೇಕಾಗುತ್ತದೆ.