ಹಬ್ಬದ ಪ್ರಯಾಣ: ಗಡಿಯಾರ ಮಗುವಿನದಾಗಿರಲಿ

ಕಳೆದ ವರ್ಷದ ಆಯುಧಪೂಜೆಯ ರಜೆ. ಸಂಜೆ ಏಳರ ಸುಮಾರಿಗೆ ದಾವಣಗೆರೆಯ ನನ್ನ ಕ್ಲಿನಿಕ್ಕಿಗೆ ಏಳು ತಿಂಗಳ ಗಂಡುಮಗುವೊಂದನ್ನು ಎತ್ತಿಕೊಂಡು ಬಂದರು. ತಂದೆ ತಾಯಿ ಹಿಂದಿನ ದಿನವಷ್ಟೇ ಬೆಂಗಳೂರಿನಿಂದ ಕಾರಿನಲ್ಲಿ ಬಂದಿದ್ದರು. ಬೆಳಗಿನಿಂದ ಆರು ಸಲ ಭೇದಿಯಾಗಿತ್ತು. ‘ದಾರಿಯ ಆಯಾಸ ಡಾಕ್ಟ್ರೇ, ಈಗ ಅಳು ನಿಲ್ಲಿಸಿ ಮಲಗಿದ್ದಾನೆ’ ಎಂದರು ತಂದೆ. ಜೊತೆಗಿದ್ದ ಅಜ್ಜಿ ಮಾತ್ರ, ‘ಮಧ್ಯಾಹ್ನದಿಂದ ಕೂಸು ಒಂದು ಸಲಾನೂ ಉಚ್ಚೆ ಹೊಯ್ದಿಲ್ರೀ, ಕಣ್ಣು ಒಳಗ ಹೋಗ್ಯಾವು’ ಎಂದರು.

ಅಜ್ಜಿಯ ಮಾತೇ ಸರಿಯಾಗಿತ್ತು. ಅದು ನಿದ್ದೆಯಾಗಿರಲಿಲ್ಲ, ದೇಹದ ನೀರು ಬತ್ತಿ ಬಂದ ಮಂಪರು. ತಡಮಾಡದೆ ಆಸ್ಪತ್ರೆಗೆ ಕಳುಹಿಸಿ ರಕ್ತನಾಳದ ಮೂಲಕ ದ್ರವ ಕೊಡಿಸಬೇಕಾಯಿತು. ಎರಡು ದಿನಗಳಲ್ಲಿ ಮಗು ಚೇತರಿಸಿಕೊಂಡಿತು.

ಆಮೇಲೆ ವಿಚಾರಿಸಿದಾಗ ವಿಷಯ ತಿಳಿಯಿತು. ಬೆಂಗಳೂರಿನಿಂದ ದಾವಣಗೆರೆ ಸುಮಾರು 260 ಕಿಲೋಮೀಟರ್. ಐದು ತಾಸಿನಲ್ಲಿ ಮುಟ್ಟುವ ಲೆಕ್ಕ ಹಾಕಿ, ಬೆಳಿಗ್ಗೆಯೇ ಪುಡಿಹಾಲು ಕಲಸಿ ಫ್ಲಾಸ್ಕಿಗೆ ತುಂಬಿಕೊಂಡಿದ್ದರು. ನೆಲಮಂಗಲ ದಾಟುವುದರೊಳಗೇ ರಜೆಯ ವಾಹನಗಳ ಸಾಲಿನಲ್ಲಿ ಎರಡು ತಾಸು ಕಳೆಯಿತು. ಹೋದ ಹೊತ್ತನ್ನು ಹಿಡಿಯಲು ಎಲ್ಲಿಯೂ ನಿಲ್ಲಿಸಲಿಲ್ಲ. ಮಗು ಅತ್ತಾಗಲೆಲ್ಲ ಅದೇ ಬೆಚ್ಚಗಿನ ಹಾಲು. ಬೆಚ್ಚಗಿನ ಹಾಲಿನಲ್ಲಿ ರೋಗಾಣುಗಳು ಬಹುಬೇಗ ಬೆಳೆಯುತ್ತವೆ ಎಂಬುದು ಅವರಿಗೆ ಹೊಳೆದಿರಲಿಲ್ಲ.

ಮಗುವನ್ನು ಊರಿಗೆ ಕರೆದೊಯ್ಯಬೇಡಿ ಎಂದು ನಾನು ಹೇಳುವುದಿಲ್ಲ. ಮೊಮ್ಮಗುವಿಲ್ಲದ ಹಬ್ಬ ಅಜ್ಜ ಅಜ್ಜಿಯರಿಗೆ ಹಬ್ಬವೇ ಅಲ್ಲ. ಆದರೆ ಇಂತಹ ಪ್ರಯಾಣದಲ್ಲಿ ಬರುವ ಬಹುಪಾಲು ತೊಂದರೆಗಳ ಮೂಲ ನಮ್ಮ ಅವಸರ.

ಹೊರಡುವ ಮುನ್ನ

ನಕ್ಷೆ ತೋರಿಸುವ ಹೊತ್ತಿಗೆ ಕನಿಷ್ಠ ಎರಡು ತಾಸು ಸೇರಿಸಿ ಲೆಕ್ಕ ಹಾಕಿ. ಎರಡು ತಾಸಿಗೊಮ್ಮೆಯಾದರೂ ಕಾರು ನಿಲ್ಲಿಸಿ ಮಗುವನ್ನು ಸೀಟಿನಿಂದ ಎತ್ತಿ, ಹಾಲು ಕೊಟ್ಟು, ಡಯಾಪರ್ ಬದಲಿಸಬೇಕು. ಇನ್ನೂ ಎಳೆಯ ಕೂಸಾದರೆ ಇದಕ್ಕಿಂತ ಬೇಗ ನಿಲ್ಲಿಸಬೇಕು. ಮಗುವಿನ 6, 10, 14 ವಾರಗಳ ಲಸಿಕೆಗಳಲ್ಲಿ ಯಾವುದಾದರೂ ಬಾಕಿ ಇದ್ದರೆ ಹಾಕಿಸಿಕೊಂಡೇ ಹೊರಡಿ. ಮಗುವಿಗೆ ಜ್ವರ, ಭೇದಿ ಅಥವಾ ಉಸಿರಾಟದ ತೊಂದರೆ ಇದ್ದರೆ ಪ್ರಯಾಣ ಮುಂದೂಡಿ.

ಮಡಿಲು ಸಾಲದು

ತಾಯಿಯ ಮಡಿಲಿಗಿಂತ ಭದ್ರವಾದ ಜಾಗ ಬೇರೆ ಇಲ್ಲ ಎಂಬುದು ನಮ್ಮೆಲ್ಲರ ನಂಬಿಕೆ. ನನ್ನ ಮಗಳು ಹಸುಗೂಸಾಗಿದ್ದಾಗ ನಾವೂ ಅವಳನ್ನು ಮುಂದಿನ ಸೀಟಿನಲ್ಲಿ ಮಡಿಲಲ್ಲಿಟ್ಟುಕೊಂಡೇ ಓಡಾಡಿದ್ದೇವೆ. ಅದು ತಪ್ಪು ಎಂದು ಈಗ ಹೇಳಲು ನನಗೆ ಸಂಕೋಚವಿಲ್ಲ. ತಾಸಿಗೆ 50 ಕಿಲೋಮೀಟರ್ ವೇಗದ ಕಾರು ಯಾವುದಕ್ಕಾದರೂ ಗುದ್ದಿ ನಿಂತರೆ, ಒಳಗಿನವರಿಗೆ ಆಗುವ ಆಘಾತ ಸುಮಾರು 10 ಮೀಟರ್, ಅಂದರೆ ಮೂರು ಅಂತಸ್ತಿನ ಎತ್ತರದಿಂದ ಬಿದ್ದುದಕ್ಕೆ ಸಮ. ಆ ಕ್ಷಣದಲ್ಲಿ ಎಂಟು ಕಿಲೋ ತೂಕದ ಮಗು ಕೈಗೆ ಹಲವು ಪಟ್ಟು ಭಾರವಾಗುತ್ತದೆ. ಎಂತಹ ತಾಯಿಯ ಕೈಯೂ ಅದನ್ನು ಹಿಡಿದು ನಿಲ್ಲಿಸಲಾರದು. ತಾಯಿ ಮಗು ಇಬ್ಬರಿಗೂ ಸೇರಿಸಿ ಒಂದೇ ಬೆಲ್ಟು ಹಾಕುವುದು ಇನ್ನೂ ಅಪಾಯ. ತಾಯಿಯ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ.

ಇದಕ್ಕೆ ಪರಿಹಾರ ಮಗುವಿನ ಕಾರ್ ಸೀಟು. ಅದನ್ನು ಕಾರಿನ ಹಿಂದಿನ ಆಸನದಲ್ಲಿ, ಮಗುವಿನ ಮುಖ ಕಾರಿನ ಹಿಂಭಾಗಕ್ಕೆ ಇರುವಂತೆ ಕಟ್ಟಬೇಕು. ಆಗ ಆಘಾತ ಎಳೆಯ ಕತ್ತಿನ ಮೇಲೆ ಬೀಳದೆ ಇಡೀ ಬೆನ್ನಿಗೆ ಹಂಚಿಹೋಗುತ್ತದೆ. ಏರ್‌ಬ್ಯಾಗ್ ಇರುವ ಮುಂದಿನ ಆಸನದಲ್ಲಿ ಈ ಸೀಟನ್ನು ಎಂದಿಗೂ ಇಡಬಾರದು. 2019ರಲ್ಲಿ ತಿದ್ದುಪಡಿಯಾದ ಮೋಟಾರು ವಾಹನ ಕಾಯ್ದೆಯಲ್ಲಿ, 14 ವರ್ಷದೊಳಗಿನ ಮಕ್ಕಳನ್ನು ಬೆಲ್ಟು ಅಥವಾ ಮಕ್ಕಳ ಸೀಟಿನ ರಕ್ಷಣೆಯಿಲ್ಲದೆ ಕರೆದೊಯ್ದರೆ 1,000 ರೂಪಾಯಿ ದಂಡವಿದೆ. ಊರು ತಲುಪಿದ ಮೇಲೆ ಮಗುವನ್ನು ಅದೇ ಸೀಟಿನಲ್ಲಿ ನಿದ್ದೆಗೆ ಬಿಡಬೇಡಿ. ತಲೆ ಮುಂದಕ್ಕೆ ಬಾಗಿ ಉಸಿರಿಗೆ ಅಡ್ಡಿಯಾಗಬಹುದು. ಸಮತಟ್ಟಾದ ಹಾಸಿಗೆಯಲ್ಲಿ ಅಂಗಾತ ಮಲಗಿಸಿ.

ಇಂತಹ ಸೀಟು ಕೊಳ್ಳುವುದು ಎಲ್ಲರಿಗೂ ಸಾಧ್ಯವಿಲ್ಲ ನಿಜ. ರೈಲು ಇರುವ ಊರಿಗಾದರೆ ರೈಲಿನಲ್ಲೇ ಹೋಗಿ. ಹಾಲೂಡಿಸಲೂ ಮಗುವನ್ನು ಎತ್ತಿ ಆಡಿಸಲೂ ಅನುಕೂಲ.

ಹಾಲು, ನೀರು

ಆರು ತಿಂಗಳವರೆಗೆ ಎದೆಹಾಲೊಂದೇ ಸಾಕು. ಎಂತಹ ಬಿಸಿಲಿದ್ದರೂ ಬೇರೆ ನೀರು ಬೇಡ. ಇನ್ನೆರಡು ಸಲ ಹೆಚ್ಚು ಹಾಲೂಡಿಸಿದರಾಯಿತು. ಆದರೆ ಓಡುವ ಕಾರಿನಲ್ಲಿ ಮಗುವನ್ನು ಸೀಟಿನಿಂದ ತೆಗೆದು ಹಾಲೂಡಿಸಬೇಡಿ. ಕಾರು ನಿಲ್ಲಿಸಿಯೇ ಹಾಲೂಡಿಸಿ.

ಪುಡಿಹಾಲು ಕುಡಿಯುವ ಮಗುವಾದರೆ, ಕುದಿಸಿದ ಬಿಸಿನೀರನ್ನು ಫ್ಲಾಸ್ಕಿನಲ್ಲೂ ಅಳೆದ ಪುಡಿಯನ್ನು ಒಣ ಡಬ್ಬಿಯಲ್ಲೂ ಬೇರೆಬೇರೆಯಾಗಿ ಒಯ್ಯಿರಿ. ಕುಡಿಸುವ ಹೊತ್ತಿಗೆ ಕಲಸಿ, ಆರಿಸಿ ಕೊಡಿ. ಕಲಸಿದ ಹಾಲನ್ನು ಎರಡು ತಾಸಿನ ಮೇಲೆ ಇಡಬಾರದು. ಕುಡಿದು ಉಳಿದದ್ದನ್ನು ಚೆಲ್ಲಿಬಿಡಿ. ಬಾಟಲಿಗಿಂತ ಲೋಟ ಚಮಚ ಅಥವಾ ನಮ್ಮ ಅಜ್ಜಿಯರ ಒಳಲೆ ವಾಸಿ. ತೊಳೆಯುವುದೂ ಕುದಿಸುವುದೂ ಸುಲಭ.

ಘಟ್ಟದ ದಾರಿಯಲ್ಲಿ ವಾಂತಿಯಾದೀತೆಂದು ದೊಡ್ಡವರು ನುಂಗುವ ಮಾತ್ರೆಯನ್ನು ಅರೆದು ಮಗುವಿಗೆ ಕುಡಿಸುವವರಿದ್ದಾರೆ. ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರಯಾಣದ ವಾಂತಿ ಬರುವುದೇ ಅಪರೂಪ. ಈ ಮಾತ್ರೆಗಳಲ್ಲಿ ಕೆಲವದರಲ್ಲಿರುವ ಪ್ರೊಮೆಥಜೀನ್ ಎಂಬ ಔಷಧ ಆ ವಯಸ್ಸಿನಲ್ಲಿ ಉಸಿರಾಟವನ್ನೇ ಕುಗ್ಗಿಸಬಹುದು. ಖಂಡಿತ ಕೊಡಬೇಡಿ.

ನಿಂತ ಕಾರು

‘ಐದೇ ನಿಮಿಷ, ಚಹಾ ಕುಡಿದು ಬರೋಣ, ಮಗು ಮಲಗಿದೆ’ ಎಂಬ ಮಾತು ಅಪಾಯಕಾರಿ. ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ತಾಪ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಬಲ್ಲದು. ಕಿಟಕಿಯನ್ನು ಸ್ವಲ್ಪ ತೆರೆದಿಟ್ಟರೂ ಹೆಚ್ಚು ಪ್ರಯೋಜನವಿಲ್ಲ. ಮಗುವಿನ ಮೈ ದೊಡ್ಡವರ ಮೈಗಿಂತ ಬಹುಬೇಗ ಕಾಯುತ್ತದೆ. ಒಂದು ನಿಮಿಷಕ್ಕಾದರೂ ಮಗುವನ್ನು ಕಾರಿನಲ್ಲಿ ಒಂಟಿಯಾಗಿ ಬಿಡಬೇಡಿ.

ನೆಂಟರ ಮನೆಯಲ್ಲಿ

ಮಗುವನ್ನು ಎತ್ತಿಕೊಳ್ಳಲು ಎಲ್ಲರಿಗೂ ಆಸೆ. ಬೇಡವೆಂದರೆ ಮುನಿಸು. ಕೈ ತೊಳೆದು ಎತ್ತಿಕೊಳ್ಳಿ ಎಂದು ಹಿರಿಯರಿಗೆ ಹೇಳಲು ಸಂಕೋಚವಾದರೆ, ಡಾಕ್ಟರು ಹೇಳಿದ್ದಾರೆ ಎಂದು ನಮ್ಮ ಮೇಲೆ ಹಾಕಿ. ನೆಗಡಿ, ಕೆಮ್ಮು ಇದ್ದವರು ಮಗುವನ್ನು ಮುದ್ದಿಸದಿರಲಿ. ಒಂದು ವರ್ಷ ತುಂಬುವವರೆಗೆ ನಾಲಿಗೆಗೆ ಜೇನು ಸವರಬಾರದು. ಅದರಲ್ಲಿ ಇರಬಹುದಾದ ಒಂದು ಬಗೆಯ ರೋಗಾಣು ಶಿಶುಗಳ ಸ್ನಾಯುಗಳನ್ನೇ ನಿಶ್ಶಕ್ತಗೊಳಿಸಬಲ್ಲದು.

ಭೇದಿ ಶುರುವಾದರೆ

ಮಗುವಿನ ಚೀಲದಲ್ಲಿ ಥರ್ಮಾಮೀಟರ್, ವೈದ್ಯರು ಪ್ರಮಾಣ ಬರೆದುಕೊಟ್ಟ ಜ್ವರದ ಔಷಧ ಮತ್ತು ಎರಡು ಓಆರ್‌ಎಸ್ ಪೊಟ್ಟಣ ಇರಲಿ. ಪೊಟ್ಟಣದ ಮೇಲೆ ಬರೆದಷ್ಟೇ ಕುದಿಸಿ ಆರಿಸಿದ ನೀರಿನಲ್ಲಿ ಪೂರ್ತಿ ಪುಡಿ ಕಲಸಿ, ಪ್ರತಿ ಭೇದಿಯ ನಂತರ 50ರಿಂದ 100 ಮಿಲಿಲೀಟರ್ ಚಮಚದಲ್ಲಿ ನಿಧಾನವಾಗಿ ಕುಡಿಸಿ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಮತ್ತೆ ಕೊಡಿ. ಎದೆಹಾಲು ನಿಲ್ಲಿಸಬಾರದು. ಅಂಗಡಿಯ ಸಿಹಿ ಪಾನೀಯಗಳು ಓಆರ್‌ಎಸ್‌ಗೆ ಬದಲಿಯಲ್ಲ; ಹೆಚ್ಚಿನ ಸಕ್ಕರೆಯಿಂದ ಭೇದಿ ಇನ್ನೂ ಹೆಚ್ಚಬಹುದು.

ಆರು ತಾಸು ಮೂತ್ರವಾಗದಿರುವುದು, ಕಣ್ಣು ಅಥವಾ ನೆತ್ತಿ ಒಳಗಿಳಿದಿರುವುದು, ಅತ್ತರೆ ಕಣ್ಣೀರು ಬಾರದಿರುವುದು, ಹಾಲು ಎಳೆಯದೆ ಮಂಕಾಗಿರುವುದು, ಭೇದಿಯಲ್ಲಿ ರಕ್ತ ಕಾಣುವುದು: ಇವುಗಳಲ್ಲಿ ಒಂದು ಕಂಡರೂ ತಕ್ಷಣ ಆಸ್ಪತ್ರೆಗೆ ಒಯ್ಯಿರಿ. ಮೂರು ತಿಂಗಳೊಳಗಿನ ಮಗುವಿಗೆ 100.4 ಡಿಗ್ರಿ ಫ್ಯಾರನ್‌ಹೀಟ್ ಜ್ವರ ಬಂದರೂ ಹಾಗೆಯೇ. ದಾರಿಯಲ್ಲಿದ್ದರೆ 108ಕ್ಕೆ ಕರೆ ಮಾಡಿ.

ಈ ವರ್ಷದ ಯುಗಾದಿಗೆ ಅದೇ ಕುಟುಂಬ ಮತ್ತೆ ಊರಿಗೆ ಬಂದಿತ್ತು. ದಾರಿಯಲ್ಲಿ ತುಮಕೂರು, ಸಿರಾ, ಚಿತ್ರದುರ್ಗ ಎಂದು ಮೂರು ಕಡೆ ನಿಲ್ಲಿಸಿ, ಮಧ್ಯಾಹ್ನದ ಊಟಕ್ಕೆ ಬರಬೇಕಾದವರು ಸಂಜೆಯ ಚಹಾದ ಹೊತ್ತಿಗೆ ಬಂದರಂತೆ. ‘ಹೋಳಿಗೆ ಆರಿ ಹೋಗಿತ್ತು, ಆದ್ರ ಕೂಸು ನಗಾಡ್ಕೋತ ಇಳೀತ್ರೀ’ ಎಂದರು ಅಜ್ಜಿ. ಹೋಳಿಗೆಯನ್ನು ಮತ್ತೆ ಬಿಸಿ ಮಾಡಿಕೊಳ್ಳಬಹುದು.