ಬಲಕ್ಕೆ ಸುತ್ತಿದರೆ ರಾಮಾಯಣ ಉಲ್ಟಾ

ತರೀಕೆರೆ ಹತ್ತಿರದ ಅಮೃತಾಪುರಕ್ಕೆ ಕ್ಯಾಮೆರಾ ಹಿಡಿದು ಹೋದವರು ಅಲ್ಲಿನ ಗುಡಿಗೆ ಪ್ರದಕ್ಷಿಣೆ ಹಾಕುತ್ತಲೇ ಗೋಡೆಯ ಫಲಕಗಳನ್ನು ಸೆರೆಹಿಡಿದರೆ, ಮನೆಯಲ್ಲಿ ಕಂಪ್ಯೂಟರಿಗೆ ಇಳಿಸಿದಾಗ ತಲೆ ಕೆರೆದುಕೊಳ್ಳಬೇಕಾಗುತ್ತದೆ. ಫೈಲಿನ ಸಂಖ್ಯೆ ಏರುತ್ತಾ ಹೋದಂತೆ ರಾಮಾಯಣ ಹಿಂದಕ್ಕೆ ಸರಿಯುತ್ತಿರುತ್ತದೆ!

ತಪ್ಪು ಕ್ಯಾಮೆರಾದ್ದಲ್ಲ. ಇಮ್ಮಡಿ ವೀರಬಲ್ಲಾಳನ ದಂಡನಾಯಕ ಅಮೃತೇಶ್ವರ 1196ರಲ್ಲಿ ಕಟ್ಟಿಸಿದ ಈ ಗುಡಿಯ ದಕ್ಷಿಣ ಗೋಡೆಯಲ್ಲಿ ರಾಮಕಥೆಯ 70 ಫಲಕಗಳು ಅಪ್ರದಕ್ಷಿಣವಾಗಿ ಸಾಗುತ್ತವೆ. ಉತ್ತರದ ಕಡೆ ಕೃಷ್ಣನ ಕಥೆಗೆ 25, ಮಹಾಭಾರತಕ್ಕೆ 45 ಫಲಕಗಳು. ಅವು ಮಾತ್ರ ಪ್ರದಕ್ಷಿಣವಾಗಿಯೇ ಇವೆ. ಅಂದರೆ ತೆಗೆದ ಸಮಯದ ಪ್ರಕಾರ ಜೋಡಿಸಿದರೆ 140 ಚಿತ್ರಗಳಲ್ಲಿ ಅರ್ಧ ಸರಿ, ಅರ್ಧ ತಲೆಕೆಳಗು. ಆಲ್ಬಂ ಮಾಡುವವರು ಆ 70ಕ್ಕೂ ಕೈಯಾರೆ ಹೊಸ ಸಂಖ್ಯೆ ಕೊಡಬೇಕು. ಬೇಸರದ ಕೆಲಸ ನಿಜ. ಆದರೆ ಹಾಗೆ ಒಂದೊಂದನ್ನೂ ದಿಟ್ಟಿಸುವಾಗಲೇ ಕಥೆ ಕಣ್ಣಿಗೆ ಬೀಳುವುದು.

ಇಲ್ಲಿ ಕೆತ್ತಿದ ಮಲ್ಲಿತಮ್ಮನ ಹೆಸರು ಸೋಮನಾಥಪುರದಲ್ಲೂ ಸಿಗುತ್ತದೆ. ಆಗ ಇಲ್ಲಿನ ಅವನ ಕೆತ್ತನೆಯ ಚಿತ್ರ 'ತರೀಕೆರೆ' ಫೋಲ್ಡರಿಗೋ, 'ಮಲ್ಲಿತಮ್ಮ' ಫೋಲ್ಡರಿಗೋ? ಎರಡಕ್ಕೂ ನಕಲು ಹಾಕುತ್ತಾ ಹೋದರೆ ಡಿಸ್ಕ್ ತುಂಬುತ್ತದೆ, ಗೊಂದಲವೂ ಹೆಚ್ಚುತ್ತದೆ. ಮೂಲ ಚಿತ್ರ ಒಂದೇ ಕಡೆ ಇರಲಿ. ಊರು, ಶಿಲ್ಪಿ, ಕಥೆ ಎಂದು ಟ್ಯಾಗ್ ಅಂಟಿಸಿದರೆ ಬೇಕಾದ ಗುಚ್ಛ ತಾನೇ ಕೂಡಿಬರುತ್ತದೆ.

ಊರಿನ ಹೆಸರೂ ಕೈಕೊಡುವುದುಂಟು. ಹಳೆಯ ಫೋಟೊದ ಹಿಂದೆ 'ಕಡೂರು ಜಿಲ್ಲೆ' ಎಂದಿದ್ದರೆ ಅದು ಕಡೂರಿನದೇ ಆಗಬೇಕಿಲ್ಲ, ಶೃಂಗೇರಿಯದೂ ಇರಬಹುದು. ಈಗಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಇದ್ದ ಹೆಸರೇ ಅದು. ಅಜ್ಜಂಪುರವೂ ಮೊನ್ನೆ ಮೊನ್ನೆಯವರೆಗೆ ತರೀಕೆರೆ ತಾಲ್ಲೂಕಿನಲ್ಲಿತ್ತು, ಈಗ ಅದೇ ಒಂದು ತಾಲ್ಲೂಕು. ಹಾಗಾಗಿ ಹಳೆಯ ಬರಹವನ್ನು ಅಳಿಸದೆ, ಈಗಿನ ಹೆಸರನ್ನು ಪಕ್ಕದಲ್ಲಿ ಬರೆದಿಡುವುದು ಲೇಸು.

ವಿಷಯವಾರು ಗುಚ್ಛಕ್ಕೆ ಈ ಸೀಮೆಯಲ್ಲಿ ಬರವಿಲ್ಲ. ಲಕ್ಕವಳ್ಳಿಯ ಭದ್ರಾ ಜಲಾಶಯದಲ್ಲಿ ನೀರು ಇಳಿದಾಗ ತಲೆಯೆತ್ತುವ ನಡುಗಡ್ಡೆಗಳಲ್ಲಿ ರಿವರ್ ಟರ್ನ್ ಹಕ್ಕಿಗಳು ಮೊಟ್ಟೆಯಿಡುತ್ತವೆ. ಒಂದೇ ಬೆಳಗ್ಗೆ ನೂರಾರು ಚಿತ್ರ! ರೆಕ್ಕೆ ಬಿಚ್ಚಿದ ಭಂಗಿ ಹತ್ತಿದ್ದರೆ ಒಂಬತ್ತನ್ನು ಬಿಡುವ ಧೈರ್ಯ ಬೇಕು. ಮೀನು ಕಚ್ಚಿ ತಂದದ್ದು, ಮರಿಗೆ ಉಣಿಸಿದ್ದು, ಖಾಲಿ ಗೂಡು ಉಳಿದರೆ ಸಾಕು.

ಕಡೂರು ತಾಲ್ಲೂಕಿನ ಬಾಸೂರು ಕಾವಲಿನದು ಇನ್ನೊಂದು ಬಗೆ. ಅಮೃತಮಹಲ್ ದನಗಳಿಗೆಂದು ಮೀಸಲಾಗಿದ್ದ ಈ ಹುಲ್ಲುಗಾವಲು 2011ರಲ್ಲಿ ಸಂರಕ್ಷಣಾ ಮೀಸಲು ಪ್ರದೇಶವಾಯಿತು. ಇಲ್ಲಿ ಬಿಡಿ ಕೃಷ್ಣಮೃಗದ ಚಿತ್ರಕ್ಕಿಂತ ಜೋಡಿ ಚಿತ್ರಗಳೇ ಹೆಚ್ಚು ಮಾತಾಡುತ್ತವೆ: ಏಪ್ರಿಲ್‌ನ ಒಣಹುಲ್ಲಿನಲ್ಲಿ ನಿಂತ ಗಂಡು, ಮಳೆ ಬಿದ್ದ ಮೇಲೆ ಅದೇ ದಿಬ್ಬದ ಹಸಿರಿನಲ್ಲಿ ಕತ್ತು ಎತ್ತಿದ ಹಿಂಡು. ಎರಡನ್ನೂ ಅಕ್ಕಪಕ್ಕ ಇಡಬೇಕಾದರೆ ತಾರೀಕು ಸರಿಯಿರಬೇಕು. ಬ್ಯಾಟರಿ ತೆಗೆದು ಹಾಕಿದ ಮೇಲೆ ಕ್ಯಾಮೆರಾದ ಗಡಿಯಾರ ಯಾವ ವರ್ಷ ತೋರಿಸುತ್ತಿದೆ ಎಂದು ಹೊರಡುವ ಮುನ್ನ ಒಮ್ಮೆ ನೋಡಿಕೊಳ್ಳಬೇಕಾದ್ದು ಅದಕ್ಕೇ.