ಗಾಳಿಯಂತ್ರಕ್ಕೂ ಮಳೆಗೂ ನಂಟಿಲ್ಲ

"ಗುಡ್ಡದ ಮ್ಯಾಲಿನ ಫ್ಯಾನು ಮೋಡ ಹೊಡಕೊಂಡು ಹೋಗ್ತಾವ, ಅದಕ್ಕ ನಮಗ ಮಳಿ ಇಲ್ಲ." ಸವದತ್ತಿ, ಯರಗಟ್ಟಿ ಸೀಮೆಯಲ್ಲಿ ಮುಂಗಾರು ತಡವಾದಾಗ ಈ ಮಾತು ಕಟ್ಟೆಗೆ ಬರುತ್ತದೆ. ಗದಗ ಕಡೆಯೂ ಇದೇ ದೂರು. ಮಹಾರಾಷ್ಟ್ರದ ಸಾತಾರಾ, ಸಾಂಗ್ಲಿಯ ರೈತರೂ ಬರ ಬಿದ್ದಾಗ ಗಾಳಿಯಂತ್ರಗಳನ್ನೇ ಬೈದದ್ದುಂಟು.

ಈ ಯಂತ್ರಗಳು ಗಾಳಿ ಬೀಸುವುದಿಲ್ಲ, ಬೀಸುವ ಗಾಳಿಯಿಂದ ತಾವು ತಿರುಗುತ್ತವೆ. ರೆಕ್ಕೆಯ ತುದಿ ನೆಲದಿಂದ ಸುಮಾರು 150–200 ಮೀಟರ್ ಎತ್ತರಕ್ಕೆ ಮುಟ್ಟೀತು. ಮಳೆ ಸುರಿಸುವ ದೊಡ್ಡ ಮೋಡ 10 ಕಿ.ಮೀ. ಮೀರಿ ಬೆಳೆಯುತ್ತದೆ. ಅಮೆರಿಕದ ಟೆಕ್ಸಾಸ್‌ನಲ್ಲಿ ಯಂತ್ರಗಳ ಸುತ್ತ ರಾತ್ರಿ ಹೊತ್ತು ನೆಲ ತುಸು ಬೆಚ್ಚಗಾಗುವುದನ್ನು 2012ರ ಅಧ್ಯಯನವೊಂದು ತೋರಿಸಿತು, ನಿಜ. ಆದರೆ ಅದು ಮೇಲಿನ ಗಾಳಿ ಕೆಳಗಿನ ಗಾಳಿಯೊಡನೆ ಬೆರೆತದ್ದರ ಪರಿಣಾಮ, ಮೋಡ ಚದುರಿದ್ದಲ್ಲ.

ಮಳೆ ಕಡಿಮೆಯಾಗಲು ಕಾರಣ ಪಶ್ಚಿಮಕ್ಕಿದೆ. ಮಲಪ್ರಭೆ ಹುಟ್ಟುವ ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ವರ್ಷಕ್ಕೆ 3,000 ಮಿ.ಮೀ. ಮೀರಿ ಮಳೆ. ಅದೇ ಬೆಳಗಾವಿ ಜಿಲ್ಲೆಯ ಸವದತ್ತಿ, ರಾಮದುರ್ಗದಲ್ಲಿ ಬೀಳುವುದು 600ರ ಆಸುಪಾಸು. ಅರಬ್ಬಿ ಸಮುದ್ರದ ತೇವವನ್ನು ಘಟ್ಟವೇ ಇಳಿಸಿಕೊಳ್ಳುತ್ತದೆ, ನಮಗೆ ಉಳಿಕೆ. 1876–78ರ ಮಹಾಕ್ಷಾಮ ಬೆಳಗಾವಿ ಸೀಮೆಯನ್ನು ಹಿಂಡಿದಾಗ ಯಾವ ಗುಡ್ಡದ ಮೇಲೆ ಯಾವ ಯಂತ್ರವಿತ್ತು?

ಇಷ್ಟು ಹೇಳಿದರೆ ಇನ್ನೊಂದು ವಾದ ಎದ್ದು ಬರುತ್ತದೆ: "ಬರ ಮೊದಲಿಂದಲೂ ಐತಿ, ಮತ್ತ ಬದಲಾದದ್ದೇನು?" ಇದಕ್ಕೆ ಉತ್ತರ ಕೊಡುವುದು ಹೆಚ್ಚು ಕಷ್ಟ, ಹೆಚ್ಚು ಮುಖ್ಯ ಕೂಡ. ಬದಲಾದದ್ದು ಮಳೆ ಬೀಳುವ ಬಗೆ. ಗಾಳಿ 1 ಡಿಗ್ರಿ ಬೆಚ್ಚಗಾದರೆ ಸುಮಾರು ಶೇ. 7ರಷ್ಟು ಹೆಚ್ಚು ಆವಿ ಹಿಡಿದಿಡಬಲ್ಲದು. ಹಿಡಿದದ್ದನ್ನು ಒಮ್ಮೆಗೇ ಸುರಿಯುತ್ತದೆ, ನಡುವೆ ಒಣ ದಿನಗಳು ಉದ್ದವಾಗುತ್ತವೆ. ಪುಣೆಯ ಉಷ್ಣವಲಯ ಹವಾಮಾನ ಸಂಸ್ಥೆಯ ರಾಕ್ಸಿ ಮ್ಯಾಥ್ಯೂ ಕೋಲ್ ಮತ್ತು ಸಂಗಡಿಗರು 2017ರಲ್ಲಿ ಪ್ರಕಟಿಸಿದ ಸಂಶೋಧನೆಯ ಪ್ರಕಾರ, ಮಧ್ಯಭಾರತದಲ್ಲಿ ವ್ಯಾಪಕ ಅತಿವೃಷ್ಟಿಯ ಘಟನೆಗಳು 1950ರಿಂದ 2015ರ ನಡುವೆ ಮೂರು ಪಟ್ಟಾದವು. ತೇವ ಒದಗಿಸಿದ್ದು ಮುಖ್ಯವಾಗಿ ನಮ್ಮದೇ ಅರಬ್ಬಿ ಸಮುದ್ರ. ಆ ಪಟ್ಟಿ ನಮ್ಮ ಉತ್ತರಕ್ಕಿದ್ದರೂ ಸಮುದ್ರ ಒಂದೇ.

ಒಂದೇ ನಾಡು ಎರಡೂ ತುದಿ ಕಾಣುವುದು ಹೀಗೆ. 2019ರ ಆಗಸ್ಟ್‌ನಲ್ಲಿ ಮಲಪ್ರಭೆಯ ನವಿಲುತೀರ್ಥ ಅಣೆಕಟ್ಟಿನಿಂದ ಬಿಟ್ಟ ನೀರು ರಾಮದುರ್ಗವನ್ನು ಮುಳುಗಿಸಿತು. 2023ರಲ್ಲಿ ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತ. ನೆರೆ ಬಂದದ್ದರಿಂದ ಹವಾಮಾನ ಬದಲಾವಣೆ ಸುಳ್ಳಾಗುವುದಿಲ್ಲ, ಬರ ಬಂದದ್ದರಿಂದಲೂ ಇಲ್ಲ. ಯಾವುದೇ ಒಂದು ವರ್ಷದ ನೆರೆಯನ್ನು ಪೂರ್ತಿ ಹವಾಮಾನ ಬದಲಾವಣೆಯ ತಲೆಗೆ ಕಟ್ಟುವುದೂ ಸರಿಯಲ್ಲ. ಮಲಪ್ರಭೆಯ ಪಾತ್ರ ಒತ್ತುವರಿಯಾದದ್ದು ಮನುಷ್ಯರ ಕೆಲಸ.

ಮೋಡ ಬಿತ್ತನೆಯ ಮೇಲಿನ ಭರವಸೆಯೂ ಅತಿಯಾದದ್ದೇ. 2017ರ 'ವರ್ಷಧಾರೆ'ಯಂಥ ಪ್ರಯತ್ನ ಇದ್ದ ಮೋಡಕ್ಕೆ ಕೆಲಸ ಕೊಡಬಹುದು, ಇಲ್ಲದ ಮೋಡವನ್ನು ತರಲಾರದು.

ಹೆಸರು, ಗೋವಿನಜೋಳ ಬಿತ್ತುವವರಿಗೆ ಇದರಲ್ಲಿ ಉಪಯೋಗಕ್ಕೆ ಬರುವುದಿಷ್ಟು: ವರ್ಷದ ಒಟ್ಟು ಮಳೆಯ ಅಂಕಿ ನಂಬಬೇಡಿ, ಎರಡು ಮಳೆಗಳ ನಡುವಿನ ದಿನ ಎಣಿಸಿ. ಗ್ರಾಮ ಪಂಚಾಯಿತಿ ಮಟ್ಟದ ಮಳೆಮಾಪಕಗಳ ಲೆಕ್ಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಬಳಿ ಇದೆ. ಅದರ 'ವರುಣ ಮಿತ್ರ' ಸಹಾಯವಾಣಿಗೆ ಬಿತ್ತುವ ಮುನ್ನ ಒಂದು ಫೋನು ಹಚ್ಚಿ.